ಉಪ್ಪಿಟ್ಟು ಈಸ್ ರಿಲಕ್ಟಂಟ್

ಕೋಲಾರದಲ್ಲಿರುವ ಅಣ್ಣನ ಮಗಳು ಈಗ ಎಂಟನೇ ಕ್ಲಾಸು. ದಿನಕ್ಕೆ ಹತ್ತು ಹೊಸ ಇಂಗ್ಲಿಷ್ ಪದ, ಒಂದೊಂದನ್ನೂ ಹತ್ತು ಸಲ ಬರೆಯಬೇಕು, ಕೊನೆಗೆ ಯಾವುದಾದರೂ ಒಂದನ್ನು ವಾಕ್ಯದಲ್ಲಿ ಬಳಸಬೇಕು. ಅವಳು ಆರಿಸಿಕೊಂಡ ಪದ ‘ರಿಲಕ್ಟಂಟ್’. ಡಿಕ್ಷನರಿ ಕೊಟ್ಟ ಅರ್ಥ ‘ಇಷ್ಟವಿಲ್ಲದ’. ಬೆಳಗಿನ ತಿಂಡಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ ಅನ್ಸುತ್ತೆ. ‘ದಿಸ್ ಉಪ್ಪಿಟ್ಟು ಈಸ್ ರಿಲಕ್ಟಂಟ್’ ಅಂತ ಬರೆದಿದ್ದಳು.

ಮನೆಯವರೆಲ್ಲ ನಕ್ಕೆವು. ಆದರೆ ಅವಳ ಲೆಕ್ಕದಲ್ಲಿ ತಪ್ಪೇನಿದೆ? ‘ಇಷ್ಟವಿಲ್ಲದ ಉಪ್ಪಿಟ್ಟು’ ಅಂದರೆ ಕನ್ನಡದಲ್ಲಿ ಸರಿಯೇ ಅಲ್ವಾ. ಇಂಗ್ಲಿಷಿನಲ್ಲಿ ಮಾತ್ರ ರಿಲಕ್ಟಂಟ್ ಆಗುವುದು ತಿನ್ನುವವರು, ತಿಂಡಿಯಲ್ಲ. ಅದರ ಬೆನ್ನಿಗೆ ಸಾಮಾನ್ಯವಾಗಿ ‘ಟು’ ಬರುತ್ತದೆ, ಆಮೇಲೆ ಒಂದು ಕ್ರಿಯಾಪದ ಬರುತ್ತದೆ. ಪದವನ್ನು ಅದರ ಜೊತೆಗಾರರಿಂದ ಗುರುತಿಸಬೇಕು ಅಂತ ಬ್ರಿಟನ್ನಿನ ಭಾಷಾ ವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲೇ ಬರೆದಿದ್ದರು. ಡಿಕ್ಷನರಿಯ ಒಂದು ಸಾಲಿನ ಅರ್ಥದಲ್ಲಿ ಆ ಜೊತೆಗಾರರು ಇರುವುದಿಲ್ಲ.

ತಮಾಷೆ ಇರುವುದು ಇನ್ನೊಂದು ಕಡೆ. ಮರುದಿನ ಸಂಜೆ ಕೇಳಿದರೆ ಉಳಿದ ಒಂಬತ್ತು ಪದಗಳಲ್ಲಿ ಎರಡೋ ಮೂರೋ ನೆನಪಿದ್ದವು. ರಿಲಕ್ಟಂಟ್ ಮಾತ್ರ ಗಟ್ಟಿಯಾಗಿ ಕೂತಿತ್ತು. ಹತ್ತು ಸಲ ಬರೆದಾಗ ಮೂರನೇ ಸಲಕ್ಕೇ ಕೈ ತಾನಾಗಿ ಓಡುತ್ತದೆ, ತಲೆ ಎಲ್ಲೋ ಇರುತ್ತದೆ. ವಾಕ್ಯ ಕಟ್ಟುವಾಗ ಹಾಗಾಗಲ್ಲ. ಓದಿದ ಪದಕ್ಕಿಂತ ನಾವೇ ಹುಟ್ಟಿಸಿಕೊಂಡ ಪದ ಚೆನ್ನಾಗಿ ನೆನಪಿರುತ್ತದೆ ಅಂತ 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಲಮೆಕ್ಕಾ ಮತ್ತು ಗ್ರಾಫ್ ಪ್ರಯೋಗ ಮಾಡಿ ತೋರಿಸಿದ್ದರು.

ಮರೆವನ್ನು ಮೊದಲು ಅಳತೆಗೆ ಹಿಡಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್. ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಜಾರುತ್ತದೆ ಅಂತ ಲೆಕ್ಕ ಇಟ್ಟರು. 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ದಿನ ಕಳೆದಾಗ ಉಳಿದದ್ದು ಮೂರನೇ ಒಂದು ಪಾಲು. ಆಮೇಲೆ ಸೋರುವುದು ನಿಧಾನವಾಗುತ್ತದೆ. ತಿಂಗಳಾದರೂ ಐದನೇ ಒಂದು ಪಾಲು ಇತ್ತು.

ಹಾಗಾದರೆ ಸೋರುವ ಮೊದಲೇ ಮತ್ತೆ ಮತ್ತೆ ಓದಿದರಾಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. 2008ರಲ್ಲಿ ಕಾರ್ಪಿಕ್ ಮತ್ತು ರೋಡಿಗರ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದ ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದ ಕಲಿಸಿದರು. ಒಂದು ಪದ ಬಾಯಿಗೆ ಬಂದ ಮೇಲೆ ಕೆಲವರು ಅದನ್ನು ಬರೀ ಓದುತ್ತಾ ಹೋದರು. ಇನ್ನು ಕೆಲವರು ಪುಟ ಮುಚ್ಚಿ ನೆನಪಿನಿಂದ ಹೇಳುತ್ತಾ ಹೋದರು. ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇಕಡಾ 35ರ ಆಸುಪಾಸು. ನೆನಪಿಸಿಕೊಂಡವರಿಗೆ 80ರ ಆಸುಪಾಸು. ನನಗೆ ಅದಕ್ಕಿಂತ ಆಶ್ಚರ್ಯ ಅನಿಸಿದ್ದು ಬೇರೆ. ಎಷ್ಟು ಪದ ನೆನಪಿರಬಹುದು ಅಂತ ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧ ಅಂದಿದ್ದರು. ಯಾವುದು ಕೆಲಸ ಮಾಡುತ್ತಿದೆ ಅನ್ನುವುದು ಕಲಿಯುವವರಿಗೇ ಗೊತ್ತಾಗುವುದಿಲ್ಲ.

ನಾವು ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಚೀಟಿ ಮಾಡಿದೆವು. ಒಂದು ಕಡೆ ಇಂಗ್ಲಿಷ್ ಪದ, ಹಿಂದೆ ಅವಳದೇ ವಾಕ್ಯ. ಮಿಠಾಯಿ ಡಬ್ಬದಲ್ಲಿ ಮೂರು ಖಾನೆ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಕೊನೆಯದು ವಾರಕ್ಕೊಮ್ಮೆ. ಇದು 1970ರ ದಶಕದಲ್ಲಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಉಪಾಯ. ಡಬ್ಬ ಮಾತ್ರ ನಮ್ಮದು.

ನಾಲಗೆಗೇ ಹತ್ತದ ಪದಕ್ಕೆ ಕನ್ನಡದ ಕೊಕ್ಕೆ ಹಾಕಿದೆವು. ‘ಬ್ಯಾರನ್’ ಅಂದರೆ ಬಂಜರು. ಬರ ಬಿದ್ದ ನೆಲ ಬ್ಯಾರನ್. ಬರ ಅಂದರೇನು ಅಂತ ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಮ್ಯೂಟ್’ ಅಂದರೆ ಮೂಟೆ ಥರ ಬಾಯಿ ಬಿಡದೆ ಕೂತವನು. ಹುಡುಗಾಟ ಅನ್ನಿಸಬಹುದು. ಆದರೆ 1975ರಲ್ಲಿ ಅಟ್ಕಿನ್ಸನ್ ಮತ್ತು ರಾ ಇದೇ ರೀತಿ 120 ರಷ್ಯನ್ ಪದ ಕಲಿಸಿ ನೋಡಿದಾಗ ಕೊಕ್ಕೆ ಹಾಕಿಕೊಂಡವರು ಶೇಕಡಾ 72ರಷ್ಟು ಸರಿ ಹೇಳಿದ್ದರು, ಉಳಿದವರು 46ರಷ್ಟು.

‘ಗ್ಲಟ್’ಗೆ ಕೊಕ್ಕೆಯೂ ಬೇಕಾಗಲಿಲ್ಲ. ಮಾಲು ಬೇಕಾದ್ದಕ್ಕಿಂತ ಜಾಸ್ತಿ ಬಂದು ರೇಟು ಬಿದ್ದುಹೋಗುವುದು. ಟೊಮೆಟೊ ಮಂಡಿ ಇರುವ ಊರಿನ ಹುಡುಗಿಗೆ ಅರ್ಥ ಮೊದಲೇ ಗೊತ್ತಿತ್ತು, ಪದ ಈಗ ಸಿಕ್ಕಿತು ಅಷ್ಟೇ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದೂ ಅವಳಿಗೆ ನೆನಪಿದೆ. ಅದು ಗ್ಲಟ್ ಅಲ್ಲ, ಅದರ ಉಲ್ಟಾ ಅಂತ ಅವಳೇ ಹೇಳಿದಳು.

ಮೂರು ವಾರದ ಮೇಲೆ ಡಬ್ಬ ತೆಗೆದು ನೋಡಿದೆ. ರಿಲಕ್ಟಂಟ್ ಚೀಟಿ ಕೊನೆಯ ಖಾನೆಯಲ್ಲಿತ್ತು. ಹಿಂದಿನ ವಾಕ್ಯ ಹೊಡೆದುಹಾಕಿ ಹೊಸದು ಬರೆದಿದ್ದಳು: ‘ದೇರ್ ಈಸ್ ಎ ಗ್ಲಟ್, ಸೋ ತಾತ ಈಸ್ ರಿಲಕ್ಟಂಟ್ ಟು ಸೆಲ್.’ ಬ್ಯಾರನ್ ಮಾತ್ರ, ಬರದ ಕೊಕ್ಕೆ ಇದ್ದೂ, ಇನ್ನೂ ಮೊದಲ ಖಾನೆಯಲ್ಲೇ ಇದೆ.