ನನ್ನ ಹಿತ ನಾನು ನೋಡಿಕೊಂಡರೆ ತಪ್ಪೇ?

ಪ್ರಶ್ನೆ: ಏನೇ ನಿರ್ಧಾರ ಮಾಡುವಾಗಲೂ ನನಗೆ ಮೊದಲು ಕಾಣುವುದು ನನ್ನ ಅನುಕೂಲ, ನನ್ನ ಕಷ್ಟ. ಬೇರೆಯವರದು ಆಮೇಲೆ. ಮನೆಯವರು ‘ನೀನು ಸ್ವಾರ್ಥಿ’ ಎನ್ನುತ್ತಾರೆ. ಸ್ನೇಹಿತರು ‘ಎಲ್ಲರೂ ಸ್ವಾರ್ಥಿಗಳೇ, ತಲೆ ಕೆಡಿಸಿಕೊಳ್ಳಬೇಡ’ ಎನ್ನುತ್ತಾರೆ. ಬದುಕನ್ನು ನನ್ನ ದೃಷ್ಟಿಯಿಂದಲೇ ನೋಡುವುದು ತಪ್ಪೇ?

ಉತ್ತರ: ತಪ್ಪಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಎಷ್ಟೋ ಸಲ ಬಂದಿದೆ, ಪ್ರತಿ ಸಲವೂ ಇದೇ ಉತ್ತರ ಕೊಡಬೇಕಾಗಿದೆ. ಆದರೂ ‘ತಪ್ಪಲ್ಲ’ ಎಂದಷ್ಟೇ ಹೇಳಿ ಮುಗಿಸುವ ಹಾಗಿಲ್ಲ. ಏಕೆಂದರೆ ಪ್ರಶ್ನೆಯೊಳಗೇ ಎರಡು ತಪ್ಪು ಉತ್ತರಗಳು ಕೂತಿವೆ. ಮನೆಯವರ ತಪ್ಪು ಚಿಕ್ಕದು, ಬೇಗ ತಿದ್ದಬಹುದು. ಸ್ನೇಹಿತರದು ಹಳೆಯ ರೋಗ. ಅದಕ್ಕೆ ಸಮಯ ಬೇಕು.

ಮೊದಲು ಪದದ ವಿಷಯ. ಸ್ವ ಮತ್ತು ಅರ್ಥ ಸೇರಿ ಸ್ವಾರ್ಥ, ಅಂದರೆ ತನ್ನ ಪ್ರಯೋಜನ. ಬಿಡಿಸಿ ನೋಡಿದರೆ ಅದರಲ್ಲಿ ಬೈಗುಳವೇನೂ ಇಲ್ಲ. ಬಳಕೆಯಲ್ಲಿ ಮಾತ್ರ ‘ಇನ್ನೊಬ್ಬರನ್ನು ಲೆಕ್ಕಕ್ಕೇ ಇಡದೆ’ ಎಂಬುದೂ ಒಳಗೆ ಸೇರಿಕೊಂಡಿದೆ. ಹಾಗಾಗಿ ‘ಸ್ವಾರ್ಥ ತಪ್ಪೇ’ ಎಂದು ಕೇಳುವಾಗಲೇ ತೀರ್ಪು ಬಂದಾಗಿರುತ್ತದೆ. ಇಲ್ಲಿ ಬಿಡಿಬಿಡಿಯಾಗಿ ಇಡಬೇಕಾದವು ಮೂರು: ನನ್ನ ಕಣ್ಣಿಂದ ನೋಡುವುದು ಒಂದು, ನನ್ನ ಹಿತ ಕಾಯ್ದುಕೊಳ್ಳುವುದು ಇನ್ನೊಂದು, ನನ್ನ ಹಿತದ ಖರ್ಚನ್ನು ಕೇಳದೆ ಇನ್ನೊಬ್ಬರ ತಲೆಗೆ ಕಟ್ಟುವುದು ಮತ್ತೊಂದು. ತಪ್ಪಿರುವುದು ಕೊನೆಯದರಲ್ಲಿ.

ನನ್ನ ಕಣ್ಣಿಂದ ನೋಡದೆ ಬೇರೆ ದಾರಿಯೇ ಇಲ್ಲ. ನನ್ನ ಹಲ್ಲುನೋವು ನನಗೆ ನೋವಾಗಿಯೇ ತಿಳಿಯುತ್ತದೆ, ನಿಮ್ಮ ಹಲ್ಲುನೋವು ನನಗೆ ಸುದ್ದಿಯಾಗಿ ತಿಳಿಯುತ್ತದೆ. ಇದು ಮನಸ್ಸಿನ ಕೆಟ್ಟತನವಲ್ಲ, ಮೈಯಿರುವ ಪ್ರಾಣಿಯ ಸ್ಥಿತಿ. ಇದನ್ನು ಸ್ಕಾಟ್ಲೆಂಡಿನ ಚಿಂತಕ ಆಡಂ ಸ್ಮಿತ್ 18ನೇ ಶತಮಾನದಲ್ಲೇ ಸ್ಪಷ್ಟವಾಗಿ ಹೇಳಿದ್ದಾನೆ. ಭೂಕಂಪದಲ್ಲಿ ಚೀನಾ ದೇಶವೇ ಮುಳುಗಿಹೋಯಿತೆಂದು ಯೂರೋಪಿನ ಒಬ್ಬ ಸಜ್ಜನನಿಗೆ ಸುದ್ದಿ ಬಂದರೆ ಅವನು ಮರುಗಿ, ನಾಲ್ಕು ಮಾತಾಡಿ, ರಾತ್ರಿ ನೆಮ್ಮದಿಯಿಂದ ಮಲಗುತ್ತಾನೆ. ನಾಳೆ ತನ್ನ ಕಿರುಬೆರಳು ಹೋಗುತ್ತದೆಂದು ತಿಳಿದರೆ ಮಾತ್ರ ಆ ರಾತ್ರಿ ನಿದ್ದೆ ಬಾರದು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ‘ನೋಡಿದಿರಾ, ಮನುಷ್ಯ ಇಷ್ಟೇ’ ಎಂದುಬಿಡುತ್ತಾರೆ. ಸ್ಮಿತ್ ನಿಲ್ಲಿಸುವುದಿಲ್ಲ. ಆ ಕಿರುಬೆರಳು ಉಳಿಸಿಕೊಳ್ಳಲು ಅಷ್ಟೂ ಜನರ ಪ್ರಾಣ ಕೊಡುತ್ತೀಯಾ ಎಂದರೆ ಅದೇ ಮನುಷ್ಯ ಬೆಚ್ಚಿಬೀಳುತ್ತಾನೆ ಎಂಬುದು ಅವನ ಮುಂದಿನ ಮಾತು. ಭಾವನೆ ಹತ್ತಿರದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ. ನಿರ್ಧಾರ ಆ ಅಳತೆಯನ್ನೇ ಹಿಡಿಯಬೇಕಾಗಿಲ್ಲ. ನಿಮಗೆ ಮೊದಲು ನಿಮ್ಮ ಕಷ್ಟ ಕಂಡಿತು ಎಂಬುದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಕಂಡ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಮಾತ್ರ ನೀವು ಹೊಣೆ.

ಎರಡನೆಯದು, ಸ್ವಹಿತ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವ ಮಗಳನ್ನು ತೆಗೆದುಕೊಳ್ಳಿ. ತಾವಾಗಿ ಹೊರಳಲಾರದವರಿಗೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ. ದಿನಕ್ಕೆ 12 ಸಲ, ಅದರಲ್ಲಿ ನಾಲ್ಕು ಸಲವಾದರೂ ನಡುರಾತ್ರಿಯಲ್ಲಿ. ಒಬ್ಬಳೇ ಮಾಡಿದರೆ ಅವಳಿಗೆ ಎರಡು ಗಂಟೆಗಿಂತ ಉದ್ದದ ನಿದ್ದೆ ಒಂದೂ ಸಿಗುವುದಿಲ್ಲ. ಎರಡನೇ ವಾರಕ್ಕೆ ಮಾತ್ರೆಯ ಹೊತ್ತು ತಪ್ಪುತ್ತದೆ, ಎತ್ತುವಾಗ ಸೊಂಟ ಉಳುಕುತ್ತದೆ, ತಂದೆಯ ಮೇಲೆ ಸಿಡುಕು ಬರುತ್ತದೆ. ಆಗ ಅವಳು ತಮ್ಮನಿಗೆ ‘ವಾರದಲ್ಲಿ ಮೂರು ರಾತ್ರಿ ನಿನ್ನದು, ನನಗೆ ನಿದ್ದೆ ಬೇಕು’ ಎನ್ನುತ್ತಾಳೆ. ಇದು ಸ್ವಹಿತವೇ, ಸಂಶಯವಿಲ್ಲ. ಇದನ್ನು ಸ್ವಾರ್ಥವೆಂದು ಕರೆಯುವವರು ಆ ಮೂರು ರಾತ್ರಿಗಳನ್ನು ಯಾರು ಎದ್ದಿರಬೇಕೆಂದು ಹೇಳಲಿ. ‘ಸ್ವಾರ್ಥಿ’ ಎಂಬ ಆರೋಪ ಎಷ್ಟೋ ಮನೆಗಳಲ್ಲಿ ಕೇಳಿಬರುವುದು ಯಾರೋ ತಮ್ಮ ಪಾಲಿಗಿಂತ ಹೆಚ್ಚು ತೆಗೆದುಕೊಂಡಾಗಲ್ಲ, ಪಾಲಿಗಿಂತ ಹೆಚ್ಚು ಕೊಡುವುದನ್ನು ನಿಲ್ಲಿಸಿದಾಗ.

ಹಾಗಾದರೆ ಗೆರೆ ಎಲ್ಲಿ? ನಿರ್ಧಾರ ಮಾಡುವ ಮುಂಚೆ ನೋಡಬೇಕಾದದ್ದು ಇಷ್ಟು. ಇದರ ಖರ್ಚು ಯಾರ ಮೇಲೆ ಬೀಳುತ್ತದೆ? ಅದು ಅವರಿಗೆ ಗೊತ್ತಿದೆಯೇ, ಬೇಡವೆನ್ನಲು ಅವರಿಗೆ ಸಾಧ್ಯವೇ? ಜಾಗ ಅದಲುಬದಲಾದರೆ ಇದೇ ಏರ್ಪಾಡನ್ನು ನಾನು ನ್ಯಾಯವೆಂದು ಒಪ್ಪುತ್ತೇನೆಯೇ? ಅಕ್ಕ ಮೊದಲೇ ಹೇಳಿ ಮೂರು ರಾತ್ರಿ ಬಿಟ್ಟುಕೊಟ್ಟರೆ ಮೂರಕ್ಕೂ ಉತ್ತರವಿದೆ. ತಮ್ಮ ‘ಕೆಲಸ ಜಾಸ್ತಿ’ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡರೆ ಎರಡನೆಯದರಲ್ಲೇ ಸಿಕ್ಕಿಬೀಳುತ್ತಾನೆ. ಸುಳ್ಳಿನ ಕೆಲಸವೇ ಅದು, ಖರ್ಚು ಹೊರುವವರಿಗೆ ಬೇಡವೆನ್ನುವ ಅವಕಾಶ ತಪ್ಪಿಸುವುದು.

ಇನ್ನು ಸ್ನೇಹಿತರ ಮಾತಿಗೆ ಬರೋಣ. ‘ಎಲ್ಲರೂ ಸ್ವಾರ್ಥಿಗಳೇ. ಸಹಾಯ ಮಾಡುವವನಿಗೂ ಅದರಿಂದ ಸಂತೋಷ ಸಿಗುತ್ತದೆ. ಸಂತೋಷಕ್ಕಾಗಿ ಮಾಡಿದ ಮೇಲೆ ಅದೂ ಸ್ವಾರ್ಥವೇ.’ ಇದನ್ನು ಹೇಳುವವರಿಗೆ ತಾವು ಆಳವಾದದ್ದೇನೋ ಹೇಳಿದೆವು ಎನಿಸುತ್ತದೆ. ಜೋಸೆಫ್ ಬಟ್ಲರ್ ಎಂಬ ಪಾದ್ರಿ 1726ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲೇ ಇದಕ್ಕೆ ಉತ್ತರ ಕೊಟ್ಟಾಗಿದೆ. ಮುನ್ನೂರು ವರ್ಷವಾದರೂ ಮಾತು ಸಾಯುತ್ತಿಲ್ಲ. ಆದ್ದರಿಂದ ಮತ್ತೊಮ್ಮೆ, ನಿಧಾನವಾಗಿ.

ಬಟ್ಲರನ ವಾದ ಹೀಗೆ. ಸಂತೋಷ ಸಿಗಬೇಕಾದರೆ ಅದಕ್ಕೂ ಮುಂಚೆ ಬೇರೇನೋ ಬೇಕೆನಿಸಿರಬೇಕು. ಹಸಿವೆಯಿದ್ದವನಿಗೆ ಊಟ ಸುಖ ಕೊಡುತ್ತದೆ, ಹಸಿವೆಯೇ ಇಲ್ಲದವನಿಗೆ ಅದೇ ತಟ್ಟೆ ಶಿಕ್ಷೆ. ಹಾಗೆಯೇ ಮಗು ಗುಣವಾಯಿತೆಂದು ತಾಯಿಗೆ ಸಂತೋಷವಾಗುವುದು ಮಗು ಗುಣವಾಗಲೆಂದು ಅವಳು ಬಯಸಿದ್ದರಿಂದ. ಆ ಬಯಕೆ ಇಲ್ಲದವರಿಗೆ ಅದೇ ಸುದ್ದಿಯಿಂದ ಏನೂ ಆಗುವುದಿಲ್ಲ. ಅಂದಮೇಲೆ ‘ಸಹಾಯ ಮಾಡಿ ಸಂತೋಷಪಟ್ಟ’ ಎಂಬುದು ಅವನಿಗೆ ಇನ್ನೊಬ್ಬರ ಒಳಿತು ಬೇಕಾಗಿತ್ತು ಎನ್ನುವುದಕ್ಕೇ ಸಾಕ್ಷಿ. ಸ್ವಾರ್ಥಕ್ಕೆ ಪುರಾವೆಯೆಂದು ತಂದದ್ದು ಎದುರು ಪಕ್ಷದ ಸಾಕ್ಷಿಯಾಗಿ ನಿಲ್ಲುತ್ತದೆ.

ನಂಬಿಕೆ ಬಾರದಿದ್ದರೆ ಹೀಗೆ ಪರೀಕ್ಷಿಸಿ. ಆ ತಾಯಿಯ ಮುಂದೆ ಎರಡು ಮಾತ್ರೆ ಇಡಿ. ಒಂದು ಮಗುವಿಗೆ: ಕಾಯಿಲೆ ವಾಸಿಯಾಗುತ್ತದೆ, ಆದರೆ ತಾಯಿಗೆ ಅದು ಎಂದೂ ತಿಳಿಯುವುದಿಲ್ಲ. ಇನ್ನೊಂದು ತಾಯಿಗೆ: ಕಾಯಿಲೆ ಹಾಗೇ ಉಳಿಯುತ್ತದೆ, ಆದರೆ ಮಗು ಗುಣವಾಗಿದೆಯೆಂದು ಅವಳು ಸಾಯುವವರೆಗೂ ನಂಬಿ ಸುಖವಾಗಿರುತ್ತಾಳೆ. ಅವಳಿಗೆ ಬೇಕಾದದ್ದು ತನ್ನ ಸಂತೋಷವಷ್ಟೇ ಆಗಿದ್ದರೆ ಎರಡನೆಯದನ್ನು ತೆಗೆದುಕೊಳ್ಳಬೇಕು. ಯಾವ ತಾಯಿ ಯಾವುದಕ್ಕೆ ಕೈ ಚಾಚುತ್ತಾಳೆಂದು ನಿಮಗೂ ಗೊತ್ತು.

ತಪ್ಪು ಹುಟ್ಟುವುದು ಒಂದು ಸಣ್ಣ ಮಾತಿನ ಗೊಂದಲದಿಂದ. ನನ್ನ ಆಸೆಗಳೆಲ್ಲ ನನ್ನವೇ, ನಿಜ. ಅಷ್ಟಕ್ಕೇ ಎಲ್ಲ ಆಸೆಗಳೂ ನನ್ನ ಕುರಿತಾದವು ಎಂದಾಗುವುದಿಲ್ಲ. ಕಣ್ಣು ನನ್ನದು, ಅದರಲ್ಲಿ ಕಾಣುವುದೆಲ್ಲ ನಾನಲ್ಲ. ‘ನನ್ನ ದೃಷ್ಟಿಯಿಂದ ನೋಡುತ್ತೇನೆ, ಆದ್ದರಿಂದ ನಾನು ಸ್ವಾರ್ಥಿ’ ಎಂದು ಕೊರಗುವವರೂ, ‘ಎಲ್ಲರೂ ಸ್ವಾರ್ಥಿಗಳು’ ಎಂದು ಸಮಾಧಾನ ಮಾಡುವವರೂ ಎಡವುವುದು ಇದೇ ಕಲ್ಲನ್ನು.

ಇನ್ನೊಂದು ದೋಷವಿದೆ. ಹೀಗೆ ವಾದಿಸುವವರನ್ನು ‘ಏನು ಕಂಡರೆ ನಿಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ’ ಎಂದು ಕೇಳಿ. ಪ್ರಾಣ ಕೊಟ್ಟವನೂ ಕೀರ್ತಿಗಾಗಿ ಕೊಟ್ಟ, ಗುಟ್ಟಾಗಿ ಕೊಟ್ಟವನು ಆತ್ಮತೃಪ್ತಿಗಾಗಿ ಕೊಟ್ಟ, ತೃಪ್ತಿಯೂ ಇಲ್ಲದೆ ಅಳುತ್ತಾ ಕೊಟ್ಟವನು ಪಾಪಪ್ರಜ್ಞೆ ತಪ್ಪಿಸಿಕೊಳ್ಳಲು ಕೊಟ್ಟ. ಏನೇ ನಡೆದರೂ ಸರಿಹೋಗುವ ಮಾತು ಏನನ್ನೂ ವಿವರಿಸುವುದಿಲ್ಲ. ಅನಾಥಾಶ್ರಮದ ಹಣ ಕದ್ದವನೂ ಅದಕ್ಕೆ ಹಣ ಕೊಟ್ಟವನೂ ಇಬ್ಬರೂ ಸ್ವಾರ್ಥಿಗಳೇ ಎಂದರೆ, ಅವರಿಬ್ಬರ ನಡುವಿನ ವ್ಯತ್ಯಾಸ ಹೇಳಲು ನಾವು ಹೊಸದೊಂದು ಪದ ಹುಡುಕಬೇಕಾಗುತ್ತದೆ.

ಸಹಾಯ ಮಾಡುವುದು ತನಗಾಗಿಯೋ ಇನ್ನೊಬ್ಬರಿಗಾಗಿಯೋ ಎಂಬುದನ್ನು ಪರೀಕ್ಷೆ ಮಾಡಬಲ್ಲ ರೂಪದಲ್ಲಿ ಕೇಳಿದವರು ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು, 1981ರಲ್ಲಿ. ಎಲೇನ್ ಎಂಬ ಯುವತಿಗೆ ಹತ್ತು ಸುತ್ತು ಕರೆಂಟ್ ಶಾಕ್ ಕೊಡುವುದನ್ನು ವಿದ್ಯಾರ್ಥಿನಿಯರು ಟಿವಿ ಪರದೆಯಲ್ಲಿ ನೋಡುತ್ತಾರೆ. ಶಾಕ್ ನಿಜವಲ್ಲ, ಮೊದಲೇ ಚಿತ್ರೀಕರಿಸಿದ ನಟನೆ, ಆದರೆ ಅವರಿಗೆ ಅದು ಗೊತ್ತಿಲ್ಲ. ಎರಡನೇ ಸುತ್ತಿನ ನಂತರ ‘ಅವಳ ಬದಲು ನೀವು ಕೂರುತ್ತೀರಾ’ ಎಂದು ಕೇಳುತ್ತಾರೆ. ಕೆಲವರಿಗೆ ಹತ್ತೂ ಸುತ್ತು ನೋಡಲೇಬೇಕು, ಕೆಲವರು ಎರಡಕ್ಕೇ ಎದ್ದು ಹೋಗಬಹುದು. ಸಹಾಯ ಕೇವಲ ತನ್ನ ಸಂಕಟ ಕಳೆದುಕೊಳ್ಳುವ ದಾರಿಯಾಗಿದ್ದರೆ ಎದ್ದು ಹೋಗಬಹುದಾದವರು ಹೋಗಬೇಕು, ಅದೇ ಸುಲಭ. ಎಲೇನ್ ತಮ್ಮಂತಲ್ಲ ಎಂದು ಭಾವಿಸಿದವರಲ್ಲಿ ಹಾಗೇ ಆಯಿತು, ಬದಲಿಗೆ ಕೂರಲು ಒಪ್ಪಿದವರು ಶೇ. 18 ಮಾತ್ರ. ಎಲೇನ್ ತಮ್ಮಂತೆಯೇ ಎನಿಸಿ ಅವಳಿಗಾಗಿ ಮನಸ್ಸು ಮಿಡಿದವರಲ್ಲಿ, ಬಾಗಿಲು ತೆರೆದಿದ್ದರೂ, ಶೇ. 91 ಮಂದಿ ಒಪ್ಪಿದರು. ಗುಂಪುಗಳು ಚಿಕ್ಕವು, ಒಟ್ಟು 44 ಜನ. ಫಲಿತಾಂಶವನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬ ಚರ್ಚೆ ಆಮೇಲೆ ಬಹುಕಾಲ ನಡೆಯಿತು. ಹಾಗೆ ಚರ್ಚಿಸುವುದು ಸರಿಯಾದ ದಾರಿ. ‘ಎಲ್ಲರೂ ಅಷ್ಟೇ ಬಿಡಿ’ ಎಂದು ಕೈ ಒದರಿಕೊಳ್ಳುವುದಲ್ಲ.

ಇಷ್ಟಾದ ಮೇಲೆ ‘ನಮ್ಮ ಜೀನ್‌ಗಳೇ (ವಂಶವಾಹಿಗಳೇ) ಸ್ವಾರ್ಥಿ, ಅಂದಮೇಲೆ ನಾವೂ ಅಷ್ಟೇ’ ಎಂಬ ಮಾತು ಎತ್ತುತ್ತಾರೆ. ಜೀನ್ ‘ಸ್ವಾರ್ಥಿ’ ಎಂಬುದು ಒಂದು ರೂಪಕ. ಜೀನಿಗೆ ಮನಸ್ಸಿಲ್ಲ, ಉದ್ದೇಶವಿಲ್ಲ. ಜೀವವಿಜ್ಞಾನಿ ಹ್ಯಾಮಿಲ್ಟನ್ 1964ರಲ್ಲಿ ಲೆಕ್ಕಹಾಕಿ ತೋರಿಸಿದ್ದು, ತನ್ನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುವ ಜೀನ್ ಒಡಹುಟ್ಟಿದವರಿಗೆ ನೆರವಾಗುವ ಪ್ರಾಣಿಯನ್ನೇ ರೂಪಿಸಬಹುದು ಎಂಬುದನ್ನು. ಜೀನಿನ ಲಾಭ ಬೇರೆ, ಮನುಷ್ಯನ ಉದ್ದೇಶ ಬೇರೆ.

ಉಪನಿಷತ್ತನ್ನೂ ಸಾಕ್ಷಿಗೆ ಕರೆಯುವವರಿದ್ದಾರೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ‘ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ’ ಎನ್ನುತ್ತಾನೆ ನಿಜ. ಆದರೆ ಆ ಮಾತು ಬಂದು ಸೇರುವುದು ‘ಆತ್ಮಾ ವಾ ಅರೇ ದ್ರಷ್ಟವ್ಯಃ’ ಎಂಬಲ್ಲಿಗೆ. ನೋಡಬೇಕಾದ, ಕೇಳಬೇಕಾದ, ಮನನ ಮಾಡಬೇಕಾದ ಆತ್ಮ ಅದು. ಆಸ್ತಿ ಪಾಲು ಮಾಡಿಕೊಟ್ಟು ಮನೆ ಬಿಟ್ಟು ಹೊರಟವನ ಬಾಯಲ್ಲಿ ಬಂದ ಆ ಪದಕ್ಕೆ ‘ನನ್ನ ಅನುಕೂಲ’ ಎಂಬ ಅರ್ಥ ಹಚ್ಚುವುದು ಓದಿನ ದೋಷ.

ಇಲ್ಲಿ ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ ಉಳಿದಿದೆ. ‘ಅವರ ಜಾಗದಲ್ಲಿ ನಿಂತು ಯೋಚಿಸು’ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹಾಗೆ ಊಹಿಸಿಕೊಂಡರೆ ಅವರ ಮನಸ್ಸು ನಿಜವಾಗಿ ತಿಳಿಯುತ್ತದೆಯೇ? ಟಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಮುಖಭಾವ ಓದುವುದು, ನಗು ನಿಜವೋ ನಟನೆಯೋ ಹೇಳುವುದು, ಸಂಗಾತಿಯ ಇಷ್ಟಾನಿಷ್ಟ ಊಹಿಸುವುದು, ಹೀಗೆ. ಅವರ ಜಾಗದಲ್ಲಿ ನಿಂತಂತೆ ಕಲ್ಪಿಸಿಕೊಂಡವರ ಊಹೆ ಹೆಚ್ಚು ಸರಿಯಾಗಲಿಲ್ಲ. ನೇರವಾಗಿ ಕೇಳಿ ತಿಳಿದುಕೊಂಡವರ ಊಹೆ ಸರಿಯಾಯಿತು. ಏಕೆಂದರೆ ನಾನು ಅವರ ಜಾಗಕ್ಕೆ ಹೋಗುವಾಗ ನನ್ನ ಅಭಿರುಚಿ, ನನ್ನ ಭಯ ಎಲ್ಲವನ್ನೂ ಹೊತ್ತುಕೊಂಡೇ ಹೋಗಿರುತ್ತೇನೆ.

ಆದ್ದರಿಂದ ಊಹಿಸಬೇಡಿ, ಕೇಳಿ. ಕೇಳುವುದರಲ್ಲೂ ಕೆಡುವ ಜಾಗಗಳಿವೆ. ನಿರ್ಧರಿಸಿದ ಮೇಲೆ ಕೇಳಿದರೆ ಅದು ತಿಳಿಸುವುದಷ್ಟೇ ಆಗುತ್ತದೆ. ನಾಲ್ಕು ಜನರ ಮುಂದೆ ಕೇಳಿದರೆ ದಾಕ್ಷಿಣ್ಯಕ್ಕೆ ‘ಆಗಲಿ’ ಬರುತ್ತದೆ. ‘ನಿಮಗೇನೂ ತೊಂದರೆ ಇಲ್ಲ ಅಲ್ವಾ?’ ಎಂದರೆ ಉತ್ತರವನ್ನು ನೀವೇ ಬಾಯಿಗಿಟ್ಟಂತೆ. ‘ಇದರಿಂದ ನಿಮ್ಮ ಯಾವ ಕೆಲಸಕ್ಕೆ ಅಡ್ಡಿಯಾಗುತ್ತದೆ?’ ಎಂದು ಕೇಳಿ, ಉತ್ತರವನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ, ಸರಿಯೇ ಎಂದು ನೋಡಿಕೊಳ್ಳಿ. ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಡಿ.

ಯಾರ ಪಾಲೆಷ್ಟು ಎಂದು ಮನೆಯಲ್ಲೇ ನೋಡಬಹುದಾದ ಪರೀಕ್ಷೆಯೂ ಒಂದಿದೆ. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಸಂಶೋಧಕರು 1979ರಲ್ಲಿ 37 ದಂಪತಿಗಳಿಗೆ, ಮನೆಯ 20 ಸಂಗತಿಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಬೇರೆ ಬೇರೆ ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿದರೆ ನೂರನ್ನು ಮೀರಿತು. ಹೊಗಳಿಕೊಳ್ಳುವ ಚಪಲ ಎನ್ನೋಣವೆಂದರೆ, ಜಗಳ ಎಬ್ಬಿಸುವಂಥ ಕೆಟ್ಟ ವಿಷಯಗಳಲ್ಲೂ ಹೀಗೇ ಆಯಿತು. ತಾನು ಮಾಡಿದ್ದು ತನಗೆ ಬೇಗ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ.

ನೀವೂ ಎರಡು ಹಾಳೆ ತೆಗೆದುಕೊಳ್ಳಿ. ಒಬ್ಬರ ಹಾಳೆ ಇನ್ನೊಬ್ಬರು ನೋಡದಂತೆ, ಮನೆಯ ಪ್ರತಿ ಕೆಲಸದ ಮುಂದೆ ನಿಮ್ಮ ಪಾಲು ಶೇಕಡಾ ಎಷ್ಟೆಂದು ಬರೆಯಿರಿ. ಕೂಡಿಸಿದಾಗ 130 ಬಂದರೆ ಹೆಚ್ಚಿಗೆಯ ಮೂವತ್ತು ಯಾರ ಸುಳ್ಳೆಂದು ವಾದಕ್ಕಿಳಿಯಬೇಡಿ. ಆ ಕೆಲಸದ ಕೆಳಗೆ ತಾನು ಏನೇನು ಮಾಡುತ್ತೇನೆಂದು ಇಬ್ಬರೂ ಬಿಡಿಸಿ ಬರೆಯಿರಿ. ‘ಅಪ್ಪನ ಮಾತ್ರೆ’ ಎಂಬ ಒಂದೇ ಸಾಲು ಬಿಚ್ಚಿಕೊಂಡು ಅಂಗಡಿಗೆ ಹೋಗುವುದು, ಹೊತ್ತಿಗೆ ಕೊಡುವುದು, ಇನ್ನೆಷ್ಟು ಉಳಿದಿವೆಯೆಂದು ಎಣಿಸುವುದು, ಡಾಕ್ಟರಿಗೆ ತೋರಿಸಬೇಕಾದ ತಾರೀಕನ್ನು ತಲೆಯಲ್ಲಿಟ್ಟುಕೊಳ್ಳುವುದು ಎಂದು ನಾಲ್ಕಾಗುತ್ತದೆ. ಕೊನೆಯ ಎರಡನ್ನು ಯಾರು ಮಾಡುತ್ತಿದ್ದರೆಂದು ಆ ಹೊತ್ತಿನವರೆಗೂ ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.