ರಕ್ತದ ತೊಂದರೆಗೆ ಕ್ಯಾನ್ಸರ್ ವೈದ್ಯರೇಕೆ?

ಪ್ರಶ್ನೆ: ಅಮ್ಮನ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ 70,000 ಎಂದು ಬಂದಿದೆ. ನಮ್ಮ ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಹೋದರೆ, ಬಾಗಿಲ ಮೇಲೆ ‘ಕ್ಯಾನ್ಸರ್ ಮತ್ತು ರಕ್ತರೋಗ ತಜ್ಞರು’ ಎಂಬ ಫಲಕವಿತ್ತು. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಕ್ಯಾನ್ಸರ್ ಎಂದು ಗೊತ್ತಾಗಿಯೇ ಅಲ್ಲಿಗೆ ಕಳಿಸಿದ್ದಾರೆಯೇ?

ಉತ್ತರ: ಅಲ್ಲಿಗೆ ಕಳಿಸಿದ ಮಾತ್ರಕ್ಕೆ ಕ್ಯಾನ್ಸರ್ ಎಂದಾಗುವುದಿಲ್ಲ. ಇದಿಷ್ಟನ್ನು ಮೊದಲು ಅಮ್ಮನಿಗೆ ಓದಿ ಹೇಳಿ, ಉಳಿದದ್ದನ್ನು ಆಮೇಲೆ ಓದಿದರಾಯಿತು.

ಆ ಕೊಠಡಿಯ ಮುಂದೆ ಕಾಯುವವರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ಸುಸ್ತಾದವರಿರುತ್ತಾರೆ, ಹುಟ್ಟಿನಿಂದಲೇ ಕೆಂಪು ಕಣಗಳು ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಇರುವ ಮಕ್ಕಳಿರುತ್ತಾರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿರುತ್ತಾರೆ, ಗಾಯವಾದರೆ ರಕ್ತ ಬೇಗ ನಿಲ್ಲದ ಹಿಮೋಫಿಲಿಯಾದವರಿರುತ್ತಾರೆ. ಇವು ಯಾವುವೂ ಕ್ಯಾನ್ಸರ್ ಅಲ್ಲ.

ಹಾಗಾದರೆ ಒಂದೇ ಫಲಕದಲ್ಲಿ ಎರಡು ಹೆಸರೇಕೆ? ಸ್ತನದಲ್ಲೋ ಹೊಟ್ಟೆಯಲ್ಲೋ ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸಕರು ಅದನ್ನು ಕೊಯ್ದು ತೆಗೆಯಬಹುದು. ಮೈಯೆಲ್ಲ ಹರಿಯುವ ರಕ್ತಕ್ಕೇ ಕ್ಯಾನ್ಸರ್ ಬಂದರೆ ಕತ್ತಿ ಇಡುವುದೆಲ್ಲಿ? ಔಷಧವೇ ದಾರಿಯಾಗಬೇಕಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದ ಕೆಲವು ಮಕ್ಕಳು ಅಮಿನಾಪ್ಟೆರಿನ್ ಎಂಬ ಔಷಧದಿಂದ ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಮುಂದೆ ಬೇರೆ ಅಂಗಗಳ ಕ್ಯಾನ್ಸರಿಗೂ ಕಿಮೋಥೆರಪಿ ಬಂದಾಗ, ಅಂಥ ಹಲವು ಔಷಧಗಳ ಪೆಟ್ಟು ಅಸ್ಥಿಮಜ್ಜೆಯ ಮೇಲೂ ಬೀಳುತ್ತಿತ್ತು. ರಕ್ತಕಣಗಳೆಲ್ಲ ಹುಟ್ಟುವುದೇ ಮೂಳೆಯೊಳಗಿನ ಆ ಮಜ್ಜೆಯಲ್ಲಿ. ಔಷಧ ಕೊಡುವವರಿಗೆ ರಕ್ತವನ್ನು ಓದಲು ಬರಲೇಬೇಕಾಯಿತು. ಹೀಗೆ ಎರಡು ವಿದ್ಯೆಗಳು ಒಂದೇ ಕುರ್ಚಿಯಲ್ಲಿ ಕುಳಿತವು. ಕೆಲವೆಡೆ ಈಗ ಅವು ಬೇರೆ ಬೇರೆ ವಿಭಾಗಗಳಾಗಿವೆ, ಕೆಲವೆಡೆ ಇನ್ನೂ ಒಟ್ಟಿಗೇ ಇವೆ.

ಇನ್ನು ನಿಮ್ಮ ಅಮ್ಮನ 70,000ದ ವಿಷಯ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್, ಅಂದರೆ ಗಾಯವಾದಾಗ ರಕ್ತ ನಿಲ್ಲಲು ನೆರವಾಗುವ ಸಣ್ಣ ಕಣಗಳು, ಇರುತ್ತವೆ. ಕಡಿಮೆ ಬಂದಾಗ ಈ ವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ ತೀರ ಸರಳ: ಯಂತ್ರ ಹೇಳಿದ್ದು ನಿಜವೇ? ರಕ್ತ ಹೆಪ್ಪುಗಟ್ಟದಿರಲೆಂದು ಕೊಳವೆಯಲ್ಲಿ ಹಾಕಿರುವ ರಾಸಾಯನಿಕದಿಂದಲೇ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರಕ್ಕೆ ಆ ಗುಂಪು ಪ್ಲೇಟ್‌ಲೆಟ್ ಎಂದು ತಿಳಿಯುವುದಿಲ್ಲ, ಲೆಕ್ಕ ತಪ್ಪುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪು ಕಣ್ಣಿಗೆ ಬೀಳುತ್ತದೆ. ಬೇರೆ ಬಗೆಯ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದಾಗ ಸಂಖ್ಯೆ ಸರಿಯಾಗಿಯೇ ಇರಬಹುದು. ಇಷ್ಟು ಯಂತ್ರಗಳ ನಡುವೆಯೂ ಆ ಗಾಜಿನ ಪಟ್ಟಿಯನ್ನು ತಾವೇ ನೋಡುವ ವೈದ್ಯರ ಮೇಲೆ ನನಗೆ ಅಪಾರ ಗೌರವ.

ಸಂಖ್ಯೆ ನಿಜವಾಗಿಯೂ ಕಡಿಮೆಯಿದ್ದರೆ ಹುಡುಕಾಟ ಆರಂಭವಾಗುತ್ತದೆ. ವೈರಸ್ ಜ್ವರ, ಸೇವಿಸುತ್ತಿರುವ ಯಾವುದೋ ಮಾತ್ರೆ, ಯಕೃತ್ತಿನ ತೊಂದರೆ, ಬಿ12 ಕೊರತೆ, ದೇಹದ ರಕ್ಷಣಾ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಐಟಿಪಿ, ಇವೆಲ್ಲವನ್ನೂ ನೋಡಬೇಕು. ಮಜ್ಜೆಯ ಕಾಯಿಲೆಯೂ ಕಾರಣವಾಗಿರಬಹುದು, ಅದನ್ನು ಮುಚ್ಚಿಡಲಾರೆ. ಆದರೆ ಬಿಳಿ ಕಣ, ಕೆಂಪು ಕಣ ಎರಡೂ ಸರಿಯಿದ್ದು ಪ್ಲೇಟ್‌ಲೆಟ್ ಮಾತ್ರ ಇಳಿದಿದ್ದರೆ ಲ್ಯುಕೇಮಿಯಾದ ಸಾಧ್ಯತೆ ಬಹಳ ಕಡಿಮೆ.

ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆಯಬೇಕೆಂದರೂ ಅದನ್ನು ತೀರ್ಪು ಎಂದುಕೊಳ್ಳಬೇಡಿ. ರಕ್ತಕಣಗಳ ಕಾರ್ಖಾನೆಯಾದ ಮಜ್ಜೆಯಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ಒಳಹೊಕ್ಕು ನೋಡುವ ಪರೀಕ್ಷೆ ಅದು. ಜಾಗ ಮರಗಟ್ಟಿಸಿಯೇ ಮಾಡುತ್ತಾರೆ. ಮಜ್ಜೆ ಎಳೆಯುವ ಕೆಲವು ಕ್ಷಣ ನೋವಾಗಬಹುದು, ಅದನ್ನು ಅಮ್ಮನಿಗೆ ಮೊದಲೇ ತಿಳಿಸಿ.

ಹೋಗುವಾಗ ಹಳೆಯ ರಕ್ತ ಪರೀಕ್ಷೆಗಳ ವರದಿಗಳಿದ್ದರೆ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಐದು ವರ್ಷದ ಹಿಂದೆಯೂ ಸಂಖ್ಯೆ ಇಷ್ಟೇ ಇತ್ತೆಂದು ಗೊತ್ತಾದರೆ ವೈದ್ಯರ ಯೋಚನೆಯೇ ಬದಲಾಗುತ್ತದೆ. ಅಮ್ಮ ಸೇವಿಸುವ ಪ್ರತಿ ಮಾತ್ರೆ, ಕಷಾಯ, ಲೇಹ್ಯದ ಹೆಸರನ್ನೂ ಬರೆದುಕೊಳ್ಳಿ. ಅಷ್ಟರೊಳಗೆ ಮೂಗಿನಿಂದಲೋ ವಸಡಿನಿಂದಲೋ ರಕ್ತ ನಿಲ್ಲದೆ ಬಂದರೆ, ಮಲ ಕಪ್ಪಾದರೆ, ತಲೆಗೆ ಪೆಟ್ಟಾದರೆ ಅಥವಾ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ.