ಫೋಟೊದಲ್ಲಿ ಕಾಣದ ಬಿರುಕು

ಚಿತ್ರದುರ್ಗ, ಗದಗದ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆ ಹೇಗಿದೆ ಎಂದು ನಾವು ನೋಡುವುದು ಬೆಂಗಳೂರಿನ ಆಫೀಸಿನಲ್ಲಿ, ಕಂಪ್ಯೂಟರ್ ಮುಂದೆ ಕೂತು. ಡ್ರೋನ್ ಒಂದೊಂದು ಯಂತ್ರದ ನೂರಾರು ಫೋಟೊ ತೆಗೆದುಕೊಟ್ಟಿರುತ್ತದೆ. ಎಲ್ಲ ನೋಡಿ ಮುಗಿಸುವಷ್ಟರಲ್ಲಿ ಮಾಲೀಕರ ಫೋನ್ ಬರುತ್ತದೆ: 'ರೆಕ್ಕೆ ಸರಿ ಇದೆ ಅಲ್ವಾ?' ಬರೀ ಫೋಟೊ ನಂಬಿ ಇದಕ್ಕೆ ಹೌದು ಅನ್ನಬಾರದು.

ಡ್ರೋನ್‌ನಿಂದ ಆದ ಉಪಕಾರ ದೊಡ್ಡದು. ಹಗ್ಗದಲ್ಲಿ ಇಳಿದು ನೋಡಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಡ್ರೋನ್ ಅದನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ, ಯಾರ ಜೀವವೂ ಎತ್ತರದಲ್ಲಿ ನೇತಾಡುವುದಿಲ್ಲ. ರೆಕ್ಕೆಯ ತುದಿ ಗಂಟೆಗೆ 250 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಸುತ್ತುತ್ತದೆ. ಆ ವೇಗದಲ್ಲಿ ಮಳೆಹನಿ, ದೂಳು ಬಡಿದು ಮುಂದಿನ ಅಂಚು ಸವೆಯುತ್ತದೆ. ಈ ಸವೆತ ಫೋಟೊದಲ್ಲಿ ಚೆನ್ನಾಗಿ ಸಿಗುತ್ತದೆ.

ಸಿಡಿಲಿನ ವಿಷಯ ಹಾಗಲ್ಲ. ಹೊರಗೆ ಕಾಣುವುದು ತುದಿಯಲ್ಲೊಂದು ಸಣ್ಣ ಕಪ್ಪು ಕಲೆ, ಅಷ್ಟೆ. ಒಳಗೆ ಮಿಂಚಿನ ಬಿಸಿಗೆ ತೇವ ಆವಿಯಾಗಿ ಉಬ್ಬಿ, ಗ್ಲಾಸ್ ಫೈಬರ್ ಪದರಗಳು ಬಿಟ್ಟುಕೊಂಡಿರಬಹುದು. ಬಿಸಿಯ ವ್ಯತ್ಯಾಸ ತೋರಿಸುವ ಥರ್ಮಲ್ ಕ್ಯಾಮೆರಾ ಕೆಲವೊಮ್ಮೆ ಸುಳಿವು ಕೊಡುತ್ತದೆ. ಅದಕ್ಕೂ ರೆಕ್ಕೆ ಬಿಸಿಲಿಗೆ ಕಾಯುತ್ತಲೋ ಆರುತ್ತಲೋ ಇರಬೇಕು. ಆದ್ದರಿಂದ ಕಲೆ ಕಂಡರೆ ನಾನು ಹಗ್ಗದ ತಂಡವನ್ನೇ ಕರೆಸಿ ಎನ್ನುತ್ತೇನೆ. ಅವರು ತಟ್ಟಿ ನೋಡಿ, ಸದ್ದು ಬದಲಾಗುವ ಜಾಗ ಗುರುತು ಮಾಡಬೇಕು. ಸಿಡಿಲನ್ನು ನೆಲಕ್ಕಿಳಿಸುವ ತಂತಿ ತುದಿಯಿಂದ ಬುಡದವರೆಗೆ ತುಂಡಾಗದೆ ಇದೆಯೇ ಎಂದು ಮೀಟರ್ ಹಿಡಿದು ನೋಡಬೇಕು. ಇವೆರಡೂ ಕ್ಯಾಮೆರಾದಿಂದ ಆಗುವ ಕೆಲಸವಲ್ಲ. ಇನ್ನೊಂದು ಕಡೆ, ಗ್ರೀಸ್ ಸೋರಿದ ಗೆರೆಯನ್ನು ಬಿರುಕು ಎಂದು ಬರೆದು ಸುಮ್ನೆ ಗಾಬರಿ ಹುಟ್ಟಿಸುವ ವರದಿಗಳೂ ಬರುತ್ತವೆ.

ತಪಾಸಣೆಗೆ ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ನಮ್ಮಲ್ಲಿ ಜೂನ್‌ನಿಂದ ಜೋರು ಗಾಳಿ. ಆಗ ಯಂತ್ರ ನಿಲ್ಲಿಸಿದರೆ ನಷ್ಟ, ಮಳೆಯ ತೇವದಲ್ಲಿ ರೆಸಿನ್ ಅಂಟಿನ ತೇಪೆಯೂ ಸರಿಯಾಗಿ ಕೂರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಆದ ಮೇಲೆ ತುದಿಗಳನ್ನಷ್ಟೇ ಮತ್ತೊಮ್ಮೆ ನೋಡಿಸಿ.

ಅನುಮತಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, 120 ಮೀಟರ್ ಎತ್ತರದವರೆಗೆ ಮಾತ್ರ. ಹೊಸ ಯಂತ್ರಗಳ ರೆಕ್ಕೆ ಅದನ್ನು ದಾಟುತ್ತದೆ. ಅದರ ಮೇಲೆ ಹಾರಿಸಲು ವಾಯು ಸಂಚಾರ ನಿಯಂತ್ರಣದ ಒಪ್ಪಿಗೆ ಬೇಕು.

ವರದಿಯ ಜೊತೆ ಮೂಲ ಫೋಟೊಗಳನ್ನೂ ಕೇಳಿ ಪಡೆಯಿರಿ. ಹೋದ ವರ್ಷದ ಕೂದಲೆಳೆ ಬಿರುಕು ಈ ವರ್ಷ ಎಷ್ಟು ಉದ್ದವಾಗಿದೆ ಎಂದು ಅಳೆಯಲು ಅವು ಬೇಕೇ ಬೇಕು.